ಹಿತ್ತಲಿನ ಹದಿನೆಂಟು ನಾಟಿ ಕೋಳಿಗಳಿಗೆ ಕೊಕ್ಕರೆ ರೋಗದ ಲಸಿಕೆ ಹಾಕಿಸಬೇಕೇ?

ಪ್ರಶ್ನೆ: ಹಿತ್ತಲಮನೆ (ಗುಬ್ಬಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಿತ್ತಲಿನಲ್ಲಿ ಈಗ ಎರಡು ಹುಂಜ, ಏಳು ಹೇಂಟೆ ಮತ್ತು ಐದು ವಾರದ ಒಂಬತ್ತು ಮರಿಗಳಿವೆ. ಎಲ್ಲವೂ ನಾಟಿ ಕೋಳಿಗಳೇ. ಹಗಲೆಲ್ಲ ತೆಂಗಿನ ತೋಟದಲ್ಲಿ ಮೇಯುತ್ತವೆ, ಸಂಜೆ ತಾವಾಗಿಯೇ ಗೂಡು ಸೇರುತ್ತವೆ. ಒಂದು ಹೇಂಟೆ ಮೊಟ್ಟೆ ಇಡುವುದನ್ನು ನಿಲ್ಲಿಸಿ ಕಾವಿಗೆ ಕೂರುವ ಸೂಚನೆ ತೋರುತ್ತಿದೆ.

ಕಳೆದ ವರ್ಷ ಶಿವರಾತ್ರಿಗೆ ಮೊದಲು ನಮ್ಮಲ್ಲಿದ್ದ ಇಪ್ಪತ್ತಾರು ಕೋಳಿಗಳಲ್ಲಿ ಇಪ್ಪತ್ತಮೂರು ಒಂಬತ್ತೇ ದಿನಗಳಲ್ಲಿ ಸತ್ತುಹೋದವು. ಮೊದಲ ದಿನ ಒಂದು ಹೇಂಟೆ ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ತೂಕಡಿಸುತ್ತಿತ್ತು. ಮರುದಿನ ಹಸಿರು ಮಿಶ್ರಿತ ಬಿಳಿ ಭೇದಿ ಶುರುವಾಯಿತು. ಆಮೇಲೆ ಕೊಕ್ಕು ತೆರೆದು ಉಸಿರಿಗಾಗಿ ಒದ್ದಾಡುವುದು, ಕತ್ತು ಹಿಂದಕ್ಕೆ ತಿರುಚಿಕೊಳ್ಳುವುದು, ಒಂದು ಕಾಲು ಎಳೆಯುವುದು ಎಲ್ಲವನ್ನೂ ಕಂಡೆವು. ಪಕ್ಕದ ಊರಿನ ಔಷಧದಂಗಡಿಯಲ್ಲಿ ಕೊಟ್ಟ ಪುಡಿಯನ್ನು ನೀರಿಗೆ ಬೆರೆಸಿ ಕುಡಿಸಿದರೂ ಪ್ರಯೋಜನವಾಗಲಿಲ್ಲ. ಬದುಕಿದ ಮೂರರಲ್ಲಿ ಒಂದರ ಕತ್ತು ಈಗಲೂ ಸ್ವಲ್ಪ ಓರೆಯಾಗಿದೆ. ರೋಗ ಶುರುವಾಗುವ ಆರು ದಿನ ಮೊದಲು ಸಂತೆಯಿಂದ ಎರಡು ಹೇಂಟೆಗಳನ್ನು ತಂದು ಅದೇ ದಿನ ಉಳಿದವುಗಳ ಜೊತೆ ಬಿಟ್ಟಿದ್ದೆವು. ಅದಕ್ಕೂ ಇದಕ್ಕೂ ಸಂಬಂಧವಿದೆಯೋ ಇಲ್ಲವೋ ನನಗೆ ತಿಳಿಯದು.

ಸಂಕ್ರಾಂತಿ ಮುಗಿದಿದೆ, ಬಿಸಿಲು ಏರುತ್ತಿದೆ, ಮತ್ತೆ ಭಯ ಶುರುವಾಗಿದೆ. ಲಸಿಕೆ ಹಾಕಿಸೋಣ ಎಂದರೆ ಮನೆಯಲ್ಲಿ ಒಮ್ಮತವಿಲ್ಲ. ನಾಟಿ ಕೋಳಿಗೆ ಮೈಯಲ್ಲೇ ಶಕ್ತಿಯಿರುತ್ತದೆ, ಸೂಜಿ ಚುಚ್ಚಿದರೆ ಅದು ಕೆಡುತ್ತದೆ ಎನ್ನುವುದು ನಮ್ಮ ಅತ್ತೆಯವರ ಅಭಿಪ್ರಾಯ. ಲಸಿಕೆ ಹಾಕಿದ ಕೋಳಿಯಿಂದಲೇ ಹಾಕದ ಕೋಳಿಗೆ ರೋಗ ಅಂಟುತ್ತದೆ ಎಂದು ಪಕ್ಕದ ಮನೆಯವರು ಹೆದರಿಸಿದ್ದಾರೆ. ನೂರು ಕೋಳಿಗಾಗುವಷ್ಟು ಔಷಧ ಒಂದೇ ಸೀಸೆಯಲ್ಲಿ ಬರುವುದರಿಂದ ಹದಿನೆಂಟಕ್ಕಾಗಿ ಅದನ್ನು ಒಡೆಯುವುದು ದಂಡ ಎಂದು ಯಜಮಾನರು ಹೇಳುತ್ತಾರೆ. ಕಣ್ಣಿಗೆ ಹನಿ ಹಾಕುವುದು ಮತ್ತು ಚುಚ್ಚುಮದ್ದು ಎರಡೂ ಇವೆಯಂತೆ. ಯಾವುದನ್ನು ಯಾವ ವಯಸ್ಸಿಗೆ ಹಾಕಿಸಬೇಕು? ಒಮ್ಮೆ ರೋಗ ಬಂದು ಬದುಕಿದ ಮೂರಕ್ಕೂ ಬೇಕೇ? ಮೂರು ವರ್ಷದ ಮಗಳು ದಿನವೂ ಈ ಕೋಳಿಗಳ ಮೊಟ್ಟೆ ತಿನ್ನುತ್ತಾಳೆ, ಅದರಿಂದ ತೊಂದರೆಯಿದೆಯೇ? ಅನುಭವವಿರುವವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಉತ್ತರ: ನಿವೃತ್ತ ಪಶುವೈದ್ಯ (ಮೈಸೂರು)

ನೀವು ಲಕ್ಷಣಗಳನ್ನು ಇಷ್ಟು ಸ್ಪಷ್ಟವಾಗಿ ಗಮನಿಸಿ ಬರೆದಿರುವುದರಿಂದ ಉತ್ತರಿಸುವುದು ಸುಲಭವಾಗಿದೆ. ಹಸಿರು ಭೇದಿ, ಉಸಿರಾಟದ ತೊಂದರೆ, ತಿರುಚಿದ ಕತ್ತು, ಕಾಲಿನ ಪಾರ್ಶ್ವವಾಯು, ಮತ್ತು ಒಂಬತ್ತೇ ದಿನಗಳಲ್ಲಿ ಹಿಂಡೇ ಬಹುತೇಕ ಖಾಲಿಯಾಗುವುದು, ಇವೆಲ್ಲ ಕೊಕ್ಕರೆ ರೋಗದ ಕಡೆಗೇ ಬೊಟ್ಟು ಮಾಡುತ್ತವೆ. ಪ್ರಯೋಗಾಲಯದ ಪರೀಕ್ಷೆಯಿಲ್ಲದೆ ಖಚಿತವಾಗಿ ಹೇಳುವುದು ಸರಿಯಲ್ಲ. ಆದರೂ ನಮ್ಮ ಹಳ್ಳಿಗಳಲ್ಲಿ ಹಿತ್ತಲ ಕೋಳಿಗಳನ್ನು ಹೀಗೆ ಸಾರಾಸಗಟಾಗಿ ಕೊಲ್ಲುವ ರೋಗಗಳಲ್ಲಿ ಮೊದಲನೆಯದು ಇದೇ. ಪುಸ್ತಕಗಳಲ್ಲಿ ಇದಕ್ಕೆ ರಾಣಿಖೇತ್ ರೋಗವೆಂಬ ಹೆಸರಿದೆ. 1926ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿಯೂ ಗುರುತಿಸಲಾದ ಈ ರೋಗ ಮರುವರ್ಷ ಈಗಿನ ಉತ್ತರಾಖಂಡದ ಕುಮಾವು ಬೆಟ್ಟಗಳ ರಾಣಿಖೇತ್‌ನಲ್ಲಿ ಪತ್ತೆಯಾಯಿತು. ಹೀಗಾಗಿ ಜಗತ್ತು ನ್ಯೂಕ್ಯಾಸಲ್ ಎಂದು ಕರೆಯುವುದನ್ನು ನಾವು ರಾಣಿಖೇತ್ ಎನ್ನುತ್ತೇವೆ.

ಇದು ವೈರಾಣುವಿನಿಂದ ಬರುವ ರೋಗವಾದ್ದರಿಂದ ಬಂದ ಮೇಲೆ ಚಿಕಿತ್ಸೆಯಿಲ್ಲ. ಅಂಗಡಿಯವರು ನಿಮಗೆ ಕೊಟ್ಟ ಪುಡಿ ಬಹುಶಃ ಆ್ಯಂಟಿಬಯಾಟಿಕ್ ಆಗಿರಬೇಕು, ಅದು ವೈರಾಣುವಿನ ಮೇಲೆ ಕೆಲಸ ಮಾಡುವುದಿಲ್ಲ. ಆದ್ದರಿಂದ ಲಸಿಕೆ ಹಾಕಿಸಬೇಕೇ ಎಂಬ ನಿಮ್ಮ ಪ್ರಶ್ನೆಗೆ ಹೌದು, ಹಾಕಿಸಲೇಬೇಕು ಎಂಬುದೇ ನನ್ನ ಉತ್ತರ. ಅದೂ ಬಿಸಿಲು ಬಲಿಯುವ ಮೊದಲೇ ಹಾಕಿಸಬೇಕು, ಏಕೆಂದರೆ ಹಾಕಿದ ದಿನವೇ ರಕ್ಷಣೆ ಸಿಗುವುದಿಲ್ಲ. ಮೈಯಲ್ಲಿ ಪ್ರತಿರೋಧ ಬೆಳೆಯಲು ಸುಮಾರು ಎರಡು ವಾರ ಬೇಕು.

ನಿಮ್ಮ ಅತ್ತೆಯವರ ಮಾತಿನಲ್ಲಿ ಸತ್ಯವೇ ಇಲ್ಲವೆಂದಲ್ಲ. ನಾಟಿ ಕೋಳಿ ಬಿಸಿಲನ್ನು ತಾಳುತ್ತದೆ, ಮೇವನ್ನು ತಾನೇ ಹುಡುಕಿಕೊಳ್ಳುತ್ತದೆ, ಹದ್ದು ಬಂದರೆ ಮರಿಗಳನ್ನು ರೆಕ್ಕೆಯಡಿ ಮುಚ್ಚಿಕೊಳ್ಳುತ್ತದೆ. ಆದರೆ ಕೊಕ್ಕರೆ ರೋಗದ ವೈರಾಣುವನ್ನು ಎಂದೂ ಕಾಣದ ನಾಟಿ ಕೋಳಿಗೂ ಫಾರಂ ಕೋಳಿಗೂ ಆ ರೋಗದ ಮುಂದೆ ಹೆಚ್ಚಿನ ವ್ಯತ್ಯಾಸವಿಲ್ಲ. ಇಪ್ಪತ್ತಾರರಲ್ಲಿ ಇಪ್ಪತ್ತಮೂರು ಸತ್ತದ್ದನ್ನು ಅವರೇ ಕಣ್ಣಾರೆ ಕಂಡಿದ್ದಾರಲ್ಲವೇ?

ಈಗ ವಯಸ್ಸಿನ ಲೆಕ್ಕ. ಹನಿಯಾಗಿ ಹಾಕುವ ಎಫ್ ಮತ್ತು ಲಸೋಟ ಎಂಬ ಲಸಿಕೆ ವೈರಾಣುವಿನ ತಳಿಗಳು ಸೌಮ್ಯವಾದವು. ಮರಿಗೆ ಐದರಿಂದ ಏಳು ದಿನವಾದಾಗ ಕಣ್ಣಿಗೋ ಮೂಗಿಗೋ ಒಂದು ಹನಿ, ನಾಲ್ಕನೆಯ ವಾರದ ಹೊತ್ತಿಗೆ ಮತ್ತೊಮ್ಮೆ ಹಾಕುವುದು ವಾಡಿಕೆ. ಚುಚ್ಚುಮದ್ದಾಗಿ ಕೊಡುವ ಆರ್2ಬಿ ಎಂಬ ತಳಿ ಹೆಚ್ಚು ಬಲವಾದದ್ದು. ರಾಣಿಖೇತ್‌ನಂತೆಯೇ ಕುಮಾವು ಸೀಮೆಯ ಊರಾದ ಮುಕ್ತೇಶ್ವರದ ಸಂಶೋಧನಾಲಯದಲ್ಲಿ 1940ರ ದಶಕದಲ್ಲಿ ವೈರಾಣುವನ್ನು ಕೋಳಿಮೊಟ್ಟೆಯ ಭ್ರೂಣದಲ್ಲಿ ಮತ್ತೆ ಮತ್ತೆ ಬೆಳೆಸಿ ಪಳಗಿಸಿ ಅದನ್ನು ರೂಪಿಸಿದರು. ಎಂಟು ವಾರ ತುಂಬದ ಮರಿಗೆ ಆರ್2ಬಿ ಚುಚ್ಚಬಾರದು. ಚುಚ್ಚಿದರೆ ಲಸಿಕೆಯೇ ರೋಗದಂತೆ ಕಾಡಬಹುದು. ಸೂಜಿಯಿಂದ ಕೋಳಿ ಕೆಡುತ್ತದೆ ಎಂಬ ಮಾತು ಹುಟ್ಟಿರುವುದು ಹೆಚ್ಚಾಗಿ ಇಂಥ ತಪ್ಪುಗಳಿಂದಲೇ ಎಂದು ನನ್ನ ಸೇವಾವಧಿಯ ಅನುಭವದಿಂದ ಹೇಳಬಲ್ಲೆ. ಹಾಗಾಗಿ ನಿಮ್ಮ ಒಂಬತ್ತು ಮರಿಗಳಿಗೆ ಈಗ ಲಸೋಟ ಹನಿ ಹಾಕಿಸಿ, ಒಂಬತ್ತು ವಾರ ತುಂಬಿದ ಮೇಲೆ ಆರ್2ಬಿ ಚುಚ್ಚಿಸಿ. ದೊಡ್ಡವೂ ಈವರೆಗೆ ಲಸಿಕೆ ಕಾಣದವುಗಳಾದ್ದರಿಂದ ಅವುಗಳಿಗೂ ಮೊದಲು ಹನಿ, ಮೂರು ನಾಲ್ಕು ವಾರ ಬಿಟ್ಟು ಚುಚ್ಚುಮದ್ದು ಎಂಬ ಕ್ರಮವೇ ಒಳ್ಳೆಯದು. ಆನಂತರ ವರ್ಷಕ್ಕೊಮ್ಮೆ ಆರ್2ಬಿ ಹಾಕಿಸಿದರೆ ಸಾಕು. ಮೊಟ್ಟೆಯಿಡುವ ಹೇಂಟೆಗಳು ಚುಚ್ಚಿದ ಮೇಲೆ ಕೆಲವು ದಿನ ಮೊಟ್ಟೆ ಕಡಿಮೆ ಮಾಡಬಹುದು, ಅದಕ್ಕೆ ಗಾಬರಿಯಾಗಬೇಡಿ. ಲಸಿಕೆಗೆ ಒಂದು ವಾರ ಮೊದಲು ಜಂತುಹುಳುವಿನ ಔಷಧ ಕೊಟ್ಟಿದ್ದರೆ ಫಲ ಹೆಚ್ಚು.

ಬದುಕುಳಿದ ಮೂರಕ್ಕೆ ಸ್ವಾಭಾವಿಕ ಪ್ರತಿರೋಧ ಬಂದಿರುತ್ತದೆ, ಆದರೆ ಅದು ಕಾಲಕ್ರಮೇಣ ಇಳಿಯುವುದರಿಂದ ಅವನ್ನು ಬಿಟ್ಟುಬಿಡಬೇಡಿ. ಪಕ್ಕದ ಮನೆಯವರ ಆತಂಕದ ಬಗ್ಗೆಯೂ ಒಂದು ಮಾತು ಹೇಳಬೇಕು. ಲಸೋಟದಂಥ ಜೀವಂತ ಲಸಿಕೆಯ ವೈರಾಣು ಒಂದು ಕೋಳಿಯಿಂದ ಇನ್ನೊಂದಕ್ಕೆ ಸ್ವಲ್ಪ ಮಟ್ಟಿಗೆ ಹರಡುವುದು ನಿಜ, ಆದರೆ ಅದು ಸೌಮ್ಯ ತಳಿ, ಹಿಂಡನ್ನು ಕೊಲ್ಲುವಂಥದ್ದಲ್ಲ. ನಿಜವಾಗಿ ಯೋಚಿಸಬೇಕಾದ್ದು ಬೇರೆ: ಲಸಿಕೆ ಸಾವನ್ನು ತಡೆಯುತ್ತದೆಯೇ ಹೊರತು ಸೋಂಕನ್ನು ಪೂರ್ಣವಾಗಿ ತಡೆಯುವುದಿಲ್ಲ. ಲಸಿಕೆ ಹಾಕಿದ ಕೋಳಿಗೆ ಹೊರಗಿನ ಕಾಡು ವೈರಾಣು ತಗುಲಿದರೆ ಅದು ಆರೋಗ್ಯವಾಗಿ ಕಾಣುತ್ತಲೇ ಹಿಕ್ಕೆಯಲ್ಲಿ ಕೆಲವು ದಿನ ವೈರಾಣುವನ್ನು ಹೊರಹಾಕಬಹುದು, ಹಾಗಾದಾಗ ಪೆಟ್ಟು ಬೀಳುವುದು ಲಸಿಕೆಯಿಲ್ಲದ ನೆರೆಮನೆಯ ಕೋಳಿಗೆ. ಆದ್ದರಿಂದ ಅವರು ಹೆದರಿ ಹಿಂದೆ ಸರಿಯುವ ಬದಲು ನಿಮ್ಮ ಜೊತೆಗೇ ಹಾಕಿಸಬೇಕು. ಒಂದೇ ಹಿಂಡಿನಲ್ಲಿ ಅರ್ಧಕ್ಕೆ ಹಾಕಿ ಅರ್ಧಕ್ಕೆ ಬಿಡುವುದಂತೂ ಬೇಡವೇ ಬೇಡ.

ಮಗಳು ಮೊಟ್ಟೆ ತಿನ್ನಲು ಅಡ್ಡಿಯಿಲ್ಲ, ಚೆನ್ನಾಗಿ ಬೇಯಿಸಿ ಕೊಡಿ. ಮಾಂಸಕ್ಕಾದರೆ ಲಸಿಕೆ ಹಾಕಿದ ಮೇಲೆ ಮೂರು ವಾರ ಕೊಯ್ಯದಿರುವುದು ಒಳ್ಳೆಯದು. ಲಸಿಕೆ ಹಾಕುವವರ ಕಣ್ಣಿಗೆ ಹನಿ ಸಿಡಿದರೆ ಕೆಲವು ದಿನ ಕಣ್ಣು ಕೆಂಪಾಗಿ ಉರಿಯಬಹುದು, ಆದ್ದರಿಂದ ಕೈಯನ್ನು ಸೋಪಿನಿಂದ ತೊಳೆಯುವವರೆಗೆ ಮಗುವನ್ನು ಎತ್ತಿಕೊಳ್ಳಬೇಡಿ.

ಇನ್ನು ಸಂತೆಯ ಹೇಂಟೆಗಳು. ವೈರಾಣು ಹೊಕ್ಕು ಲಕ್ಷಣ ಕಾಣಲು ಎರಡರಿಂದ ಹದಿನೈದು ದಿನ, ಹೆಚ್ಚಾಗಿ ಐದಾರು ದಿನ ಹಿಡಿಯುತ್ತದೆ. ನಿಮ್ಮ ಆರು ದಿನದ ಲೆಕ್ಕ ಅದಕ್ಕೆ ಸರಿಯಾಗಿ ಹೊಂದುತ್ತದೆ. ಇನ್ನು ಮುಂದೆ ಹೊರಗಿನಿಂದ ತಂದ ಕೋಳಿಯನ್ನು ಮೂರು ವಾರ ಬೇರೆಯಾಗಿಯೇ ಇಟ್ಟು, ಲಸಿಕೆ ಹಾಕಿಸಿ, ಆಮೇಲೆ ಹಿಂಡಿಗೆ ಬಿಡಿ.

ಉತ್ತರ: ಜವಾರಿ ಕೋಳಿ (ಕುಷ್ಟಗಿ)

ಡಾಕ್ಟರು ಶಾಸ್ತ್ರದ ಮಾತನ್ನೆಲ್ಲ ಹೇಳಿದ್ದಾರೆ. ಅಕ್ಕನವರೇ, ನಾನು ಸೀಸೆಯ ವಿಷಯವನ್ನಷ್ಟೇ ಬರೆಯುತ್ತೇನೆ, ಏಕೆಂದರೆ ನಮ್ಮಂಥವರು ಲಸಿಕೆಯಿಂದ ಹಿಂದೆ ಸರಿಯುವುದು ಆ ಸೀಸೆಯ ಕಾರಣಕ್ಕೇ.

ನಾನು ಅರವತ್ತರಷ್ಟು ಜವಾರಿ ಕೋಳಿ ಸಾಕುತ್ತೇನೆ. ಮೊದಲ ವರ್ಷ ಪಟ್ಟಣದಿಂದ ಲಸಿಕೆ ಕೊಂಡು, ಅಂಗಿಯ ಜೇಬಿನಲ್ಲಿಟ್ಟುಕೊಂಡು, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಎರಡು ತಾಸು ಬಸ್ಸಿನಲ್ಲಿ ಬಂದು, ಮಧ್ಯಾಹ್ನ ಊಟ ಮಾಡಿ, ಸಂಜೆ ಹಾಕಿದೆ. ಮುಂದಿನ ತಿಂಗಳೇ ರೋಗ ಬಂದು ನಲವತ್ತು ಕೋಳಿ ಹೋದವು. ಲಸಿಕೆ ಸುಳ್ಳು ಎಂದು ಎರಡು ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದೆ. ಆ ಮಾತನ್ನು ನಂಬಿ ಲಸಿಕೆ ಬಿಟ್ಟವರ ಕೋಳಿಗಳೂ ಸತ್ತವು, ಅದು ಇಂದಿಗೂ ಮನಸ್ಸಿಗೆ ಚುಚ್ಚುತ್ತದೆ. ಲಸಿಕೆಯೊಳಗಿನ ವೈರಾಣು ಬದುಕಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ, ನನ್ನ ಜೇಬಿನಲ್ಲಿಯೇ ಅದು ಸತ್ತುಹೋಗಿತ್ತು ಎಂದು ಮುಂದೆ ಪಶು ಆಸ್ಪತ್ರೆಯವರು ಬಿಡಿಸಿ ಹೇಳಿದ ಮೇಲೆಯೇ ನನಗೆ ತಿಳಿದದ್ದು. ಸೀಸೆ ಎರಡರಿಂದ ಎಂಟು ಡಿಗ್ರಿ ತಂಪಿನಲ್ಲಿರಬೇಕು. ಪುಡಿಯನ್ನು ಕರಗಿಸಲು ಕೊಡುವ ದ್ರಾವಣವೂ ತಂಪಾಗಿಯೇ ಇರಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಕರಗಿಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು. ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು ನಾಳೆ ಹಾಕುತ್ತೇನೆಂದರೆ ಅದು ಬರೀ ನೀರು.

ಈಗ ನಾವು ಮಾಡುವುದು ಹೀಗೆ. ವಾರ ಮೊದಲೇ ಓಣಿಯ ಮನೆ ಮನೆಗೆ ಹೋಗಿ ಎಷ್ಟು ಕೋಳಿ, ಎಷ್ಟು ಮರಿ ಎಂದು ಬರೆದುಕೊಳ್ಳುತ್ತೇವೆ. ಹದಿನೈದು ಮನೆ ಸೇರಿದರೆ ನೂರು ದಾಟುತ್ತದೆ. ಆ ಲೆಕ್ಕವನ್ನು ಪಶು ಆಸ್ಪತ್ರೆಗೆ ಕೊಟ್ಟರೆ ಅವರೂ ಸಂತೋಷದಿಂದ ಬರುತ್ತಾರೆ, ಏಕೆಂದರೆ ಒಂದು ಸೀಸೆ ಒಡೆದು ಎಂಬತ್ತು ಡೋಸ್ ಚೆಲ್ಲುವುದು ಅವರಿಗೂ ಕಷ್ಟದ ಮಾತೇ. ಸರ್ಕಾರದ ಲಸಿಕೆ ಬೆಂಗಳೂರಿನ ಹೆಬ್ಬಾಳದ ಸಂಸ್ಥೆಯಲ್ಲಿ ತಯಾರಾಗುತ್ತದೆ, ದಾಸ್ತಾನು ಇದೆಯೇ ಎಂದು ಮುಂಚೆಯೇ ವಿಚಾರಿಸಿ. ನಿಗದಿಯಾದ ದಿನದ ಬೆಳಗ್ಗೆ ಕೋಳಿಗಳನ್ನು ಗೂಡಿನಿಂದ ಬಿಡದೆ ಹಾಗೆಯೇ ಇಟ್ಟುಕೊಳ್ಳಿ. ಒಮ್ಮೆ ಬಿಟ್ಟರೆ ಹಿಡಿಯಲು ಮಧ್ಯಾಹ್ನವಾಗುತ್ತದೆ, ಅಷ್ಟರಲ್ಲಿ ಐಸು ಕರಗಿರುತ್ತದೆ. ಸೀಸೆಯನ್ನು ಐಸ್ ತುಂಬಿದ ಥರ್ಮಾಸ್ ಫ್ಲಾಸ್ಕಿನಲ್ಲಿಡಿ. ಹನಿ ಹಾಕಿದ ಕೂಡಲೇ ಕೋಳಿಯನ್ನು ಬಿಡಬೇಡಿ, ಅದು ಒಮ್ಮೆ ಕಣ್ಣು ಮಿಟುಕಿಸಿ ಹನಿ ಒಳಗಿಳಿದ ಮೇಲೆ ಬಿಡಿ. ಹಾಕಿದ ಕೋಳಿಯ ಕಾಲಿಗೆ ಬಣ್ಣದ ದಾರ ಕಟ್ಟಿದರೆ ಯಾವುದು ಉಳಿಯಿತೆಂದು ತಿಳಿಯುತ್ತದೆ.

ನಿಮ್ಮ ಯಜಮಾನರಿಗೆ ದಂಡದ ಲೆಕ್ಕವನ್ನು ಹೀಗೆ ಹೇಳಿ: ನಮ್ಮ ಕಡೆ ಒಂದು ಜವಾರಿ ಹುಂಜ ಐನೂರು ರೂಪಾಯಿಗೆ ಕಡಿಮೆ ಇಲ್ಲ. ಸೀಸೆಯಲ್ಲಿ ಎಂಬತ್ತು ಡೋಸ್ ಹಾಳಾದರೂ ಒಂದು ಹುಂಜ ಉಳಿದರೆ ಖರ್ಚು ಹುಟ್ಟಿತು.

ಇನ್ನೊಂದು ಮಾತು. ರೋಗ ಕಂಡ ಕೂಡಲೇ ಉಳಿದ ಕೋಳಿಗಳನ್ನು ಸಂತೆಗೆ ಒಯ್ದು ಸಿಕ್ಕಷ್ಟಕ್ಕೆ ಮಾರುವ ಪದ್ಧತಿ ಎಲ್ಲ ಕಡೆ ಇದೆ. ನೀವು ತಂದ ಆ ಎರಡು ಹೇಂಟೆಗಳೂ ಯಾರೋ ಹಾಗೆ ಮಾರಿದವುಗಳೇ ಇರಬಹುದು. ದಯವಿಟ್ಟು ನಾವ್ಯಾರೂ ಹಾಗೆ ಮಾಡುವುದು ಬೇಡ. ಸತ್ತದ್ದನ್ನು ತಿಪ್ಪೆಗೆ ಎಸೆಯದೆ ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು.

ಉತ್ತರ: ಊರ ಕೋಳಿ (ಪುತ್ತೂರು)

ನನ್ನ ಅಭಿಪ್ರಾಯ ಸ್ವಲ್ಪ ಬೇರೆ, ಯಾರೂ ತಪ್ಪು ತಿಳಿಯಬಾರದು. ನಮ್ಮದು ಅಡಿಕೆ ತೋಟದ ನಡುವಿನ ಒಂಟಿ ಮನೆ. ಅರ್ಧ ಮೈಲಿಯೊಳಗೆ ಬೇರೆ ಕೋಳಿಗಳಿಲ್ಲ. ಆರು ಊರ ಕೋಳಿಗಳಿವೆ, ಹೊರಗಿನಿಂದ ತರುವುದಿಲ್ಲ, ನಮ್ಮ ಕೋಳಿ ಹೊರಗೆ ಹೋದರೆ ಮರಳಿ ಒಳಗೆ ಸೇರಿಸುವುದಿಲ್ಲ. ಏಳು ವರ್ಷಗಳಿಂದ ಕೊಕ್ಕರೆ ರೋಗದ ಲಸಿಕೆ ಹಾಕಿಸಿಲ್ಲ, ರೋಗವೂ ಬಂದಿಲ್ಲ. ನಮ್ಮ ಕಡೆ ಕೋಳಿ ಅಂಕಕ್ಕೆ (ಕೋಳಿ ಕಾಳಗಕ್ಕೆ) ಒಯ್ದ ಹುಂಜಗಳನ್ನು ಮನೆಗೆ ಮರಳಿ ತಂದವರಲ್ಲೇ ರೋಗ ಮೊದಲು ಕಾಣಿಸಿಕೊಳ್ಳುವುದನ್ನು ನೋಡಿದ್ದೇನೆ. ಹಾಗಾಗಿ ಲಸಿಕೆಗಿಂತ ಮೊದಲು ಗೂಡಿನ ಶುಚಿ ಮತ್ತು ಹೊರಗಿನ ಕೋಳಿಗೆ ತಡೆ, ಇವೆರಡನ್ನು ಗಟ್ಟಿ ಮಾಡಿಕೊಳ್ಳಬೇಕು ಎಂದು ನನಗನಿಸುತ್ತದೆ.

ನಮ್ಮಲ್ಲಿ ನಿಜವಾಗಿ ಕಾಡುವುದು ಕೋಳಿ ಸಿಡುಬು. ಮಳೆಗಾಲದಲ್ಲಿ ಸೊಳ್ಳೆ ಹೆಚ್ಚಾದಾಗ ಜುಟ್ಟು, ಕಣ್ಣಿನ ಸುತ್ತ, ಕೊಕ್ಕಿನ ಬುಡದಲ್ಲಿ ಗುಳ್ಳೆಯೆದ್ದು ಹಕ್ಕಳೆ ಕಟ್ಟುತ್ತದೆ. ಬೇವಿನೆಣ್ಣೆಗೆ ಅರಸಿನ ಕಲಸಿ ಹಚ್ಚಿದರೆ ನೊಣ ಕೂರುವುದಿಲ್ಲ, ಆದರೆ ಬಾಯಿಯೊಳಗೆ ಹುಣ್ಣಾದ ಮರಿ ತಿನ್ನಲಾರದೆ ಸೊರಗಿ ಸಾಯುತ್ತದೆ. ಅದಕ್ಕೆ ಮಳೆಗಾಲಕ್ಕೆ ಮೊದಲು ರೆಕ್ಕೆಯ ತೆಳು ಚರ್ಮಕ್ಕೆ ಸಿಡುಬಿನ ಲಸಿಕೆಯನ್ನು ಮಾತ್ರ ತಪ್ಪದೆ ಚುಚ್ಚಿಸುತ್ತೇನೆ. ವಾರ ಹತ್ತು ದಿನದಲ್ಲಿ ಚುಚ್ಚಿದ ಜಾಗದಲ್ಲಿ ಸಣ್ಣ ಗಂಟು ಕಂಡರೆ ಲಸಿಕೆ ಹಿಡಿದಿದೆ ಎಂದರ್ಥ.

ಉತ್ತರ: ನಿವೃತ್ತ ಪಶುವೈದ್ಯ (ಮೈಸೂರು)

ಪುತ್ತೂರಿನವರ ಶಿಸ್ತನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅಂಥ ಒಂಟಿ ಮನೆಗೆ ಅವರ ದಾರಿ ಇಷ್ಟು ವರ್ಷ ನಡೆದಿರುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಗುಬ್ಬಿಯವರ ಮನೆ ಊರೊಳಗಿದೆ, ಕೋಳಿಗಳು ನಾಲ್ಕು ಮನೆಯ ತಿಪ್ಪೆಯನ್ನು ಕೆದಕುತ್ತವೆ. ವೈರಾಣು ಹಿಕ್ಕೆಯಲ್ಲಿ, ಸಂತೆಯಲ್ಲಿ ಮೆಟ್ಟಿ ಬಂದ ಚಪ್ಪಲಿಯಲ್ಲಿ, ಮಂಕರಿಯಲ್ಲಿ, ಹಬ್ಬಕ್ಕೆ ಕೊಯ್ದ ಕೋಳಿಯ ಪುಕ್ಕದಲ್ಲಿ ಬರುತ್ತದೆ. ಶುಚಿಯೊಂದರಿಂದಲೇ ಇಷ್ಟು ಬಾಗಿಲುಗಳನ್ನು ಮುಚ್ಚಲಾಗದು. ಪುತ್ತೂರಿನವರಿಗೂ ನನ್ನದೊಂದು ಕಳಕಳಿಯ ಮಾತು: ಏಳು ವರ್ಷ ವೈರಾಣುವನ್ನು ಕಾಣದ ಹಿಂಡೆಂದರೆ ಪ್ರತಿರೋಧವೇ ಇಲ್ಲದ ಹಿಂಡು. ಒಮ್ಮೆ ಹೊಕ್ಕರೆ ಆರರಲ್ಲಿ ಒಂದೂ ಉಳಿಯದಿರಬಹುದು. ಸಿಡುಬಿನ ಲಸಿಕೆಗೆ ಬರುವವರನ್ನೇ ಇದಕ್ಕೂ ಕೇಳಿ; ಎರಡು ಜೀವಂತ ಲಸಿಕೆಗಳ ನಡುವೆ ಒಂದೆರಡು ವಾರ ಅಂತರವಿರಲಿ.

ಮ್ಯಾರೆಕ್ಸ್, ಗುಂಬೊರೊ ಎಂಬ ಬೇರೆ ಎರಡು ಕೋಳಿ ರೋಗಗಳ ಲಸಿಕೆಗಳೂ ಬೇಕೇ ಎಂದು ಕೆಲವರು ಕೇಳುತ್ತಾರೆ. ತಾಯಿಯಡಿ ಮರಿ ಮಾಡಿಸುವ ಸಣ್ಣ ನಾಟಿ ಹಿಂಡಿಗೆ ಕೊಕ್ಕರೆ ರೋಗ ಮತ್ತು ಸಿಡುಬು ಇವೆರಡೇ ಮುಖ್ಯ. ಗಿರಿರಾಜ, ಸ್ವರ್ಣಧಾರದಂಥ ಸುಧಾರಿತ ತಳಿಯ ಮರಿಗಳನ್ನು ಕೊಳ್ಳುವವರು ಮಾತ್ರ ಒಂದು ದಿನದ ಮರಿಗೆ ಮ್ಯಾರೆಕ್ಸ್ ಲಸಿಕೆ ಹಾಕಿದ್ದಾರೆಯೇ ಎಂದು ಕೊಡುವವರನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು.

ಇಲ್ಲಿ ಯಾರೂ ಕೇಳದಿದ್ದರೂ ಹಕ್ಕಿಜ್ವರದ ವಿಷಯವನ್ನು ಹೇಳಲೇಬೇಕು. ಹೊರಗಿನ ಲಕ್ಷಣಗಳಿಂದ ಕೊಕ್ಕರೆ ರೋಗವನ್ನೂ ಹಕ್ಕಿಜ್ವರವನ್ನೂ ಬೇರ್ಪಡಿಸಲು ನನ್ನಂಥ ವೈದ್ಯನಿಗೂ ಆಗುವುದಿಲ್ಲ, ಪರೀಕ್ಷೆಯೇ ಆಗಬೇಕು. ನಮ್ಮ ರಾಜ್ಯದಲ್ಲಿ 2012ರಲ್ಲಿ ಹೆಸರಘಟ್ಟದಲ್ಲಿಯೂ 2025ರಲ್ಲಿ ಚಿಕ್ಕಬಳ್ಳಾಪುರ, ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿಯೂ ಅದು ಕಾಣಿಸಿಕೊಂಡಿತ್ತು. ಹಿತ್ತಲ ಕೋಳಿಗೆ ಹಾಕಿಸಲು ಅದಕ್ಕೆ ಲಸಿಕೆಯಿಲ್ಲ, ರೋಗ ಕಂಡ ಜಾಗದ ಸುತ್ತ ಕೋಳಿಗಳನ್ನು ನಾಶ ಮಾಡುವುದೇ ನಮ್ಮ ದೇಶದ ಕ್ರಮ. ಹೀಗಿರುವಾಗ ಕೋಳಿಗಳು ಸಾಲಾಗಿ ಸಾಯತೊಡಗಿದರೆ, ಲಸಿಕೆ ಹಾಕಿಸಿದ್ದರೂ ಸರಿ, ಬರಿಗೈಯಲ್ಲಿ ಮುಟ್ಟದೆ, ಕೊಯ್ಯದೆ, ಅದೇ ದಿನ ಪಶು ಆಸ್ಪತ್ರೆಗೆ ಅಥವಾ 1962 ಸಹಾಯವಾಣಿಗೆ ತಿಳಿಸಿ. ಮನೆಯಲ್ಲಿ ಪುಟ್ಟ ಮಗುವಿರುವವರು ಇದನ್ನು ಮರೆಯಲೇಬಾರದು.

ಪ್ರಶ್ನೆ ಕೇಳಿದವರು: ಹಿತ್ತಲಮನೆ (ಗುಬ್ಬಿ ತಾಲ್ಲೂಕು)

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನಿಮ್ಮ ಉತ್ತರಗಳನ್ನು ಮನೆಯವರಿಗೆಲ್ಲ ಓದಿ ಹೇಳಿದೆ. ಕುಷ್ಟಗಿಯವರ ಜೇಬಿನ ಪ್ರಸಂಗವನ್ನು ಕೇಳಿದ ಮೇಲೆ ಅತ್ತೆಯವರೇ ನನ್ನ ಜೊತೆ ಬೀದಿಗೆ ಬಂದು ಮನೆ ಮನೆಯಲ್ಲಿ ವಿಚಾರಿಸಿದರು. ಹನ್ನೊಂದು ಮನೆಗಳಿಂದ ನೂರಾ ಮೂವತ್ತೆರಡು ಕೋಳಿಗಳ ಪಟ್ಟಿಯಾಗಿದೆ, ಪಕ್ಕದ ಮನೆಯವರ ಹದಿನಾಲ್ಕೂ ಅದರಲ್ಲಿವೆ. ಪಶು ಆಸ್ಪತ್ರೆಯವರು ಬರುವ ಗುರುವಾರ ಬೆಳಗ್ಗೆ ಏಳಕ್ಕೆ ಲಸೋಟ ಹನಿ ಹಾಕಲು ಬರುತ್ತೇನೆಂದಿದ್ದಾರೆ. ಐಸಿನ ವ್ಯವಸ್ಥೆಯನ್ನು ಯಜಮಾನರು ವಹಿಸಿಕೊಂಡಿದ್ದಾರೆ.

ಒಂದೇ ಒಂದು ಸಂದೇಹ ಉಳಿದಿದೆ. ಆ ಹೇಂಟೆ ಈಗ ಹನ್ನೊಂದು ಮೊಟ್ಟೆಗಳ ಮೇಲೆ ಕಾವಿಗೆ ಕೂತು ಐದು ದಿನವಾಯಿತು. ಅದಕ್ಕೂ ಗುರುವಾರವೇ ಹಾಕಿಸಬೇಕೇ?

ಉತ್ತರ: ಜವಾರಿ ಕೋಳಿ (ಕುಷ್ಟಗಿ)

ಬೇಡ ಅಕ್ಕನವರೇ. ಹಗಲಿನಲ್ಲಿ ಹಿಡಿದು ಗಾಬರಿಪಡಿಸಿದರೆ ಅದು ಮೊಟ್ಟೆ ತುಳಿಯಬಹುದು, ಕಾವನ್ನೇ ಬಿಡಲೂಬಹುದು. ಇಪ್ಪತ್ತೊಂದನೆಯ ದಿನ ಮರಿಯಾಗುತ್ತದೆ, ಅದಾಗಿ ಏಳನೆಯ ದಿನ ಮರಿಗಳಿಗೆ ಹನಿ ಹಾಕುವಾಗ ತಾಯಿಗೂ ಹಾಕಿಸಿ. ಅಲ್ಲಿಯವರೆಗೆ ಅದರ ಗೂಡು ಬೇರೆಯೇ ಇರಲಿ, ನೀರು ಕಾಳು ಅಲ್ಲಿಗೇ ಕೊಡಿ. ಆ ದಿನಕ್ಕೆ ಬೀದಿಯಲ್ಲಿ ಇನ್ನೆಷ್ಟು ಮನೆಯಲ್ಲಿ ಮರಿ ಏಳುತ್ತವೆ ಎಂದು ಈಗಲೇ ಬರೆದಿಟ್ಟುಕೊಳ್ಳಿ, ಮುಂದಿನ ಸೀಸೆಯ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ.